ಸತ್ತ ಸಾಲ್ಮನ್ ಯಾರ ಹೊಟ್ಟೆ ಸೇರುತ್ತದೆ?

ಪ್ರಶ್ನೆ: ಸಾಲ್ಮನ್ ಮೀನು ಮೊಟ್ಟೆಯಿಟ್ಟು ಸಾಯುವುದು ತನ್ನ ಮರಿಗಳಿಗೆ ಆಹಾರವಾಗಲೆಂದೇ?

ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಮತ್ತೆ ಚಿಗುರುತ್ತದೆ. ಅದಕ್ಕೇ ಈ ಸಲ ತಿಂಗಳುಗಳ ಲೆಕ್ಕ ಹಿಡಿದು ನೋಡೋಣ.

ಪೆಸಿಫಿಕ್ ಸಾಲ್ಮನ್ ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಮರಳುವ ಮೀನು. ಅಮೆರಿಕದ ಅಲಾಸ್ಕಾ, ವಾಷಿಂಗ್ಟನ್ ರಾಜ್ಯಗಳ ಹೊಳೆಗಳಲ್ಲಿ ಅದು ಹೆಚ್ಚಾಗಿ ಬೇಸಿಗೆಯ ಕೊನೆಯಿಂದ ಚಳಿಗಾಲದ ಆರಂಭದೊಳಗೆ ಮೊಟ್ಟೆಯಿಡುತ್ತದೆ. ಆಮೇಲೆ ಒಂದೆರಡು ವಾರಕ್ಕೆ ತಾಯಿ ಸಾಯುತ್ತದೆ. ಕರಡಿ, ಹದ್ದು, ಹುಳು, ನೆರೆ ಎಲ್ಲ ಸೇರಿ ಆ ದೇಹವನ್ನು ಬೇಗನೆ ಮುಗಿಸುತ್ತವೆ. ಮೊಟ್ಟೆಗಳು ಆಗಿನ್ನೂ ಜಲ್ಲಿಯಡಿ ಹೂತಿರುತ್ತವೆ. ತಣ್ಣೀರಿನಲ್ಲಿ ಒಡೆಯಲು ತಿಂಗಳುಗಳೇ ಬೇಕು. ಒಡೆದ ಮೇಲೂ ಹೊಟ್ಟೆಗಂಟಿದ ಹಳದಿ ಚೀಲ ಕರಗುವವರೆಗೆ ಮರಿ ಹೊರಬರುವುದಿಲ್ಲ. ವಸಂತದಲ್ಲಿ ಹೊರಬಂದಾಗ ತಿನ್ನಲು ತಾಯಿಯ ಮಾಂಸ ಉಳಿದಿರುವುದಿಲ್ಲ. ಪಿಂಕ್, ಚಮ್ ಎಂಬ ಜಾತಿಗಳ ಸಾಲ್ಮನ್ ಮರಿಗಳಂತೂ ಹೊಳೆಯಲ್ಲಿ ಹೆಚ್ಚು ದಿನ ನಿಲ್ಲದೆ ಕಡಲಿಗೆ ಹೊರಟುಬಿಡುತ್ತವೆ. ಸಾವಿನ ಕಾರಣವೂ ಬೇರೆ: ಸಿಹಿನೀರಿಗೆ ಬಂದ ಸಾಲ್ಮನ್ ತಿನ್ನುವುದನ್ನು ಬಿಟ್ಟು ಮೈಯ ಕೊಬ್ಬು, ಸ್ನಾಯು ಕರಗಿಸಿಕೊಂಡೇ ಈಜುತ್ತದೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿ ರೋಗ ತಡೆಯುವ ಶಕ್ತಿಯೂ ಕುಸಿದಿರುತ್ತದೆ.

ಲಾಭ ಆಗುವುದು ಆಗಲೇ ಹೊಳೆಯಲ್ಲಿ ಬೆಳೆಯುತ್ತಿರುವ ಮರಿಗಳಿಗೆ. ಕಡಲಿಗೆ ಹೋಗುವ ಮುನ್ನ ವರ್ಷಕ್ಕೂ ಮಿಕ್ಕಿ ಅಲ್ಲೇ ಇರುವ ಕೋಹೋ ಸಾಲ್ಮನ್, ಸ್ಟೀಲ್‌ಹೆಡ್, ಜೊತೆಗೆ ಸಾಲ್ಮನ್‌ನ ಬಂಧುಗಳಾದ ಕಟ್‌ಥ್ರೋಟ್ ಟ್ರೌಟ್, ಡಾಲಿ ವಾರ್ಡನ್ ಮೀನುಗಳು. ಅವುಗಳ ಮೊದಲ ಹಬ್ಬ ಮೊಟ್ಟೆ. ತಡವಾಗಿ ಬಂದ ಹೆಣ್ಣು ಮೊಟ್ಟೆಯಿಡಲು ಜಲ್ಲಿಯಲ್ಲಿ ಬಾಲ ಬಡಿದು ಗುಂಡಿ ತೋಡುವಾಗ ಹಳೆಯ ಗುಂಡಿ ಕೆದಕಿಹೋಗಿ ಮೊಟ್ಟೆಗಳು ನೀರಲ್ಲಿ ತೇಲಿಬರುತ್ತವೆ. ಅದೇ ತೋಡುವಿಕೆ ಕಲ್ಲಿನ ಪಾಚಿಯನ್ನೂ ಮರಿಗಳು ತಿನ್ನುವ ಹುಳುಗಳನ್ನೂ ಕಿತ್ತೊಯ್ಯುತ್ತದೆ ನಿಜ. ಆದರೆ ಒಂದೊಂದು ಮೊಟ್ಟೆಯಲ್ಲೂ ಕೊಬ್ಬು, ಪ್ರೋಟೀನ್ ತುಂಬಿರುತ್ತದೆ. ಒಂದು ತೊಡಕು ಬಾಯಿಯ ಅಳತೆ: ಸಾಕೈ ಜಾತಿಯ ಸಾಲ್ಮನ್ ಮೊಟ್ಟೆ ಸುಮಾರು 5–6 ಮಿಲಿಮೀಟರ್ ದಪ್ಪ, ತೀರ ಚಿಕ್ಕ ಮರಿಗೆ ನುಂಗಲಾಗದು. ನುಂಗಬಲ್ಲವು ಇನ್ನಷ್ಟು ದೊಡ್ಡವಾಗುತ್ತವೆ. ಉಳಿದವು ಕೊಳೆತ ಮಾಂಸದ ಚೂರಿಗೆ, ಅದನ್ನು ತಿಂದ ಹುಳುಗಳಿಗೆ ಕಾಯುತ್ತವೆ. ದಷ್ಟಪುಷ್ಟವಾದ ಮರಿ ಚಳಿಗಾಲ ದಾಟುವ, ಮುಂದೆ ಕಡಲಲ್ಲಿ ಬದುಕುವ ಸಾಧ್ಯತೆ ಹೆಚ್ಚು.

ಸಾಲ್ಮನ್ ಕಡಿಮೆಯಾದ ಹೊಳೆಗೆ ಸತ್ತ ಮೀನು ತಂದು ಹಾಕಬಹುದೇ? ಒರೆಗಾನ್, ವಾಷಿಂಗ್ಟನ್‌ಗಳಲ್ಲಿ ಹಾಕುತ್ತಾರೆ. ಮೀನುಮರಿ ಕೇಂದ್ರಗಳಿಂದ ತಂದ ಮೀನಿಗೆ ಮೊದಲು ರೋಗದ ತಪಾಸಣೆ ಆಗಬೇಕು. ಹೊಳೆಯ ಸಾಲ್ಮನ್ ಗಣತಿಯಲ್ಲಿ ತಾನಾಗಿ ಬಂದ ಮೀನೆಂದು ಎಣಿಕೆಯಾಗದಂತೆ ಬಾಲ ಕತ್ತರಿಸುವುದೂ ಉಂಟು. ಬಿದ್ದ ಮರ, ಆಳದ ಮಡು ಇಲ್ಲದ ಕಡೆ ಹಾಕಿದರೆ ಮೊದಲ ನೆರೆಗೇ ಕೊಚ್ಚಿಹೋಗುತ್ತವೆ. ಮಾಂಸವನ್ನು ಹೀಗೆ ಒದಗಿಸಬಹುದು. ಗುಂಡಿ ತೋಡುವ ಜೀವಂತ ಹೆಣ್ಣಿಲ್ಲದೆ ಆ ತೇಲುವ ಮೊಟ್ಟೆಗಳು ಮಾತ್ರ ಬರುವುದಿಲ್ಲ.