ಸಿಂಕ್ ನಿಂತಿದೆಯೇ? ಮೊದಲು ಏನನ್ನೂ ಅಳಿಸಬೇಡಿ

ಶಿರಸಿಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಯ ಫೈಲ್ ಸಿದ್ಧವಾಗಿದೆ ಎಂದುಕೊಳ್ಳಿ. ಅಂಗಡಿಯ ಕಂಪ್ಯೂಟರಿನಲ್ಲಿ ಅದು ಇದೆ, ಮಾಲೀಕರ ಮೊಬೈಲಿನಲ್ಲೂ ಕಾಣುತ್ತದೆ. ಕಾರವಾರದ ಮುದ್ರಣಾಲಯದವರು ತೆರೆದು ಕುಳಿತಿರುವ ಅದೇ ಫೋಲ್ಡರಿಗೆ ಮಾತ್ರ ಇನ್ನೂ ಬಂದಿಲ್ಲ. ಪರದೆಯ ಮೂಲೆಯಲ್ಲಿ ಬಾಣಗಳು ಸುತ್ತುತ್ತಲೇ ಇವೆ. ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಸಾಫ್ಟ್‌ವೇರ್ ತೆಗೆದುಹಾಕಿ, ಫೋಲ್ಡರ್ ಅಳಿಸಿ, ಹೊಸದಾಗಿ ಹಾಕಿಕೊಳ್ಳಿ. ಗೂಗಲ್ ಡ್ರೈವ್, ಒನ್‌ಡ್ರೈವ್‌ನಂತೆ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಕ್ಲೌಡ್ ಸಂಗ್ರಹದ ಮಟ್ಟಿಗೆ ಇದು ತೀರಾ ಅಪಾಯದ ಸಲಹೆ. ಸಿಂಕ್ ಎಂದರೆ ಕ್ಲೌಡಿನಲ್ಲೂ ನಿಮ್ಮ ಸಾಧನಗಳಲ್ಲೂ ಫೈಲುಗಳನ್ನು ಒಂದೇ ಆಗಿ ಇಡುವ ಕೆಲಸ. ಅದು ಫೈಲುಗಳನ್ನು ಸಾಗಿಸುವಷ್ಟೇ ನಿಷ್ಠೆಯಿಂದ ಅಳಿಸುವಿಕೆಯನ್ನೂ ಸಾಗಿಸುತ್ತದೆ. ಸಾಫ್ಟ್‌ವೇರ್ ಇನ್ನೂ ಚಾಲ್ತಿಯಲ್ಲಿರುವಾಗ ಫೋಲ್ಡರ್ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಸಾಫ್ಟ್‌ವೇರ್ ತೆಗೆದ ಮೇಲೆ ಅಳಿಸಿದರೆ, ಮೇಲಕ್ಕೆ ಇನ್ನೂ ಹೋಗದೆ ಉಳಿದಿದ್ದ ಫೈಲುಗಳು ಎಲ್ಲಿಯೂ ಉಳಿಯುವುದಿಲ್ಲ.

ಹೀಗೇಕೆ ಎಂದು ತಿಳಿಯಲು ಸಿಂಕ್ ಮಾಡುವ ಸಾಫ್ಟ್‌ವೇರಿಗೆ ಎದುರಾಗುವ ಒಂದು ಪ್ರಶ್ನೆಯನ್ನು ನೋಡಬೇಕು. ಕ್ಲೌಡಿನಲ್ಲಿ ಒಂದು ಫೈಲ್ ಇದೆ, ಈ ಕಂಪ್ಯೂಟರಿನಲ್ಲಿ ಇಲ್ಲ. ಅಲ್ಲಿ ಹೊಸದಾಗಿ ಸೇರಿತೇ, ಇಲ್ಲಿ ಯಾರಾದರೂ ಅಳಿಸಿದರೇ? ಮೊದಲನೆಯದಾದರೆ ಇಲ್ಲಿಗೆ ಇಳಿಸಿಕೊಳ್ಳಬೇಕು, ಎರಡನೆಯದಾದರೆ ಅಲ್ಲಿಯೂ ತೆಗೆಯಬೇಕು. ಎರಡು ಕಡೆಯ ಪಟ್ಟಿಗಳನ್ನು ಎಷ್ಟು ಹೊತ್ತು ಹೋಲಿಸಿದರೂ ಉತ್ತರ ಸಿಗುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಮೂರನೆಯ ಪಟ್ಟಿಯೊಂದನ್ನು ಇಟ್ಟುಕೊಳ್ಳುತ್ತದೆ: ಎರಡೂ ಕಡೆ ಕೊನೆಯ ಬಾರಿ ಒಂದೇ ಆಗಿದ್ದಾಗ ಏನೇನಿತ್ತು ಎಂಬ ದಾಖಲೆ. ಅಡಿಕೆ ಬೆಳೆಗಾರರು ತಮ್ಮ ಪಾಸ್ ಪುಸ್ತಕವನ್ನು ಸಹಕಾರಿ ಸಂಘದ ಖಾತೆಯೊಂದಿಗೆ ತಾಳೆ ನೋಡುವಾಗ, ಹಿಂದಿನ ಸಲ ಎರಡೂ ಸರಿಹೊಂದಿದ್ದ ಸಾಲಿನಿಂದಲೇ ಮುಂದಕ್ಕೆ ಹೋಗುತ್ತಾರಲ್ಲ, ಇದೂ ಹಾಗೆಯೇ. ಆ ಮೂರನೆಯ ದಾಖಲೆಯಲ್ಲಿ ಫೈಲ್ ಇದ್ದು ಈಗ ಇಲ್ಲಿ ಇಲ್ಲವೆಂದರೆ ಇಲ್ಲಿ ಅಳಿಸಲಾಗಿದೆ. ಅದರಲ್ಲೂ ಇಲ್ಲವೆಂದರೆ ಅಲ್ಲಿ ಹೊಸದಾಗಿ ಬಂದಿದೆ.

ಸಿಂಕ್ ನಿಲ್ಲುವ ಎಷ್ಟೋ ಪ್ರಸಂಗಗಳಲ್ಲಿ ಸಾಫ್ಟ್‌ವೇರ್ ಕೆಟ್ಟಿರುವುದಿಲ್ಲ. ಖಚಿತವಾಗಿ ನಿರ್ಧರಿಸಲು ಆಗದೆ, ಊಹೆಯ ಮೇಲೆ ನಿಮ್ಮ ಫೈಲ್ ಮುಟ್ಟಲು ಒಪ್ಪದೆ ನಿಂತಿರುತ್ತದೆ. ಈ ಎಚ್ಚರಿಕೆಯನ್ನು ನಾವು ಗೌರವಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ಕೆಲಸ, ಬ್ರೌಸರಿನಲ್ಲಿ ನಿಮ್ಮ ಕ್ಲೌಡ್ ಖಾತೆ ತೆರೆದು ಫೈಲ್ ಅಲ್ಲಿದೆಯೇ ಎಂದು ನೋಡುವುದು. ಅಲ್ಲಿ ಇಲ್ಲವೆಂದರೆ ದೋಷ ಕಳಿಸುವ ಕಡೆಯದು. ಇಳಿಸಿಕೊಳ್ಳಬೇಕಾದ ಕಂಪ್ಯೂಟರನ್ನು ಎಷ್ಟು ಬಾರಿ ಮರುಚಾಲೂ ಮಾಡಿದರೂ ಪ್ರಯೋಜನವಿಲ್ಲ. ಮೊಬೈಲಿನ ಗೂಗಲ್ ಫೋಟೋಸ್ ಸಾಮಾನ್ಯವಾಗಿ ವೈಫೈ ಸಿಕ್ಕಾಗ ಮಾತ್ರ ಮೇಲಕ್ಕೆ ಕಳಿಸುವಂತೆ ಹೊಂದಿಸಿರುತ್ತದೆ. ವೈಫೈ ಇಲ್ಲದ ಘಟ್ಟದ ಮನೆಯಲ್ಲಿ ಆ ಫೋಟೋಗಳು ಕಾಯುತ್ತಲೇ ಇರುತ್ತವೆ. ಜಾಗವೂ ತುಂಬಿರಬಹುದು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಹಂಚಿಕೊಳ್ಳುತ್ತವೆ. ಒನ್‌ಡ್ರೈವ್ ಕೊಡುವುದು 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ.

ಬ್ರೌಸರಿನಲ್ಲಿ ಫೈಲ್ ಇದ್ದರೆ ಹುಡುಕಾಟ ನಿಮ್ಮ ಕಂಪ್ಯೂಟರಿನಲ್ಲೇ. ಆಷಾಢದ ಮಳೆಯಲ್ಲಿ ದೇವಿಮನೆ ಘಟ್ಟದ ಆಚೆ ಈಚೆ ಎಲ್ಲೆಡೆ ನಡೆಯುವುದನ್ನೇ ನೋಡಿ. ವಿದ್ಯುತ್ ಹೋಗುತ್ತದೆ, ಅದರೊಂದಿಗೆ ವೈಫೈ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಇಂಟರ್ನೆಟ್ ಮೊಬೈಲಿನ ಹಾಟ್‌ಸ್ಪಾಟಿನಿಂದ ಬರುತ್ತದೆ. ಮಿಂಚಂಚೆ ತೆರೆಯುತ್ತದೆ, ಸುದ್ದಿ ಓದಬಹುದು, ಆದರೆ ಫೈಲ್ ಇಳಿಯುವುದಿಲ್ಲ. ಒನ್‌ಡ್ರೈವಿನಲ್ಲಿ ಎರಡು ಆಯ್ಕೆಗಳಿವೆ: ಬ್ಯಾಟರಿ ಉಳಿತಾಯದ ಸ್ಥಿತಿಯಲ್ಲಿ ಸಿಂಕ್ ನಿಲ್ಲಿಸುವುದು, ಮತ್ತು ಡೇಟಾಕ್ಕೆ ಲೆಕ್ಕವಿರುವ ಸಂಪರ್ಕವೆಂದು ಗುರುತಿಸಿದ ಜಾಲದಲ್ಲಿ ನಿಲ್ಲಿಸುವುದು. ನಮ್ಮ ಮಳೆಗಾಲದಲ್ಲಿ ಎರಡೂ ಒಟ್ಟಿಗೇ ಜಾರಿಗೆ ಬರಬಹುದು. ಪರದೆಯ ಕೆಳಮೂಲೆಯ ಮೋಡದ ಚಿಹ್ನೆಯನ್ನು ಒತ್ತಿದರೆ ಸಿಂಕ್ ವಿರಾಮದಲ್ಲಿದೆ ಎಂದು ಬರೆದಿರುತ್ತದೆ, ಅಲ್ಲಿಯೇ ಮುಂದುವರಿಸಬಹುದು.

ಮಳೆಗಾಲ ಪೂರ್ತಿ ಪ್ಲಗ್ ಕಿತ್ತಿಟ್ಟಿದ್ದ ಹಳೆಯ ಡೆಸ್ಕ್‌ಟಾಪ್ ಆಗಿದ್ದರೆ ಗಡಿಯಾರವನ್ನು ನೋಡಿ. ಕಂಪ್ಯೂಟರಿನೊಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಹೆಚ್ಚಾಗಿ 3 ವೋಲ್ಟಿನ ಸಿಆರ್2032. ಅದು ಸತ್ತರೆ ಕಂಪ್ಯೂಟರಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಕ್ಲೌಡ್ ಸರ್ವರ್ ತನ್ನ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಹಿಂದಿನ ಕಾಲದಲ್ಲಿರುವ ಕಂಪ್ಯೂಟರಿಗೆ ಅದು ಇನ್ನೂ ಜಾರಿಗೆ ಬಾರದ ಪತ್ರವಾಗಿ ಕಾಣುತ್ತದೆ, ಹಾಗಾಗಿ ಕಂಪ್ಯೂಟರ್ ಸಂಪರ್ಕವನ್ನು ನಿರಾಕರಿಸುತ್ತದೆ. ದಿನಾಂಕ ಮತ್ತು ಸಮಯವನ್ನು ಸರಿಪಡಿಸಿ.

ಹೆಚ್ಚು ಜನರಿಗೆ ಹೊಳೆಯದ ಕಾರಣವೆಂದರೆ ಫೈಲಿನ ಹೆಸರು. ಕನ್ನಡದಲ್ಲಿ ಹೆಸರಿಡುವವರು ಇದನ್ನು ತಿಳಿದಿರಲೇಬೇಕು. ವಿಂಡೋಸ್ ಹೆಸರಿನಲ್ಲಿ ಒಂಬತ್ತು ಚಿಹ್ನೆಗಳನ್ನು ಒಪ್ಪುವುದಿಲ್ಲ: \ / : * ? " < > |. ಬೇರೆ ವ್ಯವಸ್ಥೆಗಳು ಇವುಗಳಲ್ಲಿ ಹಲವನ್ನು ಒಪ್ಪುತ್ತವೆ. ‘ಕುಮಟಾ ಆಟ: ಕರ್ಣಪರ್ವ 12/8’ ಎಂಬ ಹೆಸರಿನ ಯಕ್ಷಗಾನದ ವಿಡಿಯೊ ಬ್ರೌಸರಿನಲ್ಲಿ ಚೆನ್ನಾಗಿಯೇ ಕಾಣಬಹುದು, ವಿಂಡೋಸ್ ಕಂಪ್ಯೂಟರಿಗೆ ಮಾತ್ರ ಆ ಹೆಸರಿನಲ್ಲಿ ಇಳಿಯದು. ಕೆಲವು ಸೇವೆಗಳು ಚಿಹ್ನೆಯನ್ನು ಬದಲಿಸಿ ಇಳಿಸುತ್ತವೆ, ಕೆಲವು ನಿಂತುಬಿಡುತ್ತವೆ. ಹೆಸರಿನ ಕೊನೆಯಲ್ಲಿ ಚುಕ್ಕಿಯೂ ಇರಬಾರದು. ತಾಲ್ಲೂಕು ಎಂಬುದಕ್ಕೆ ‘ತಾ.’ ಎಂದು ಬರೆಯುವ ಅಭ್ಯಾಸ ನಮಗಿದೆ, ‘ಶಿರಸಿ ತಾ.’ ಎಂಬ ಫೋಲ್ಡರ್ ಅಷ್ಟಕ್ಕೇ ತೊಡಕಾಗಬಹುದು.

ಇನ್ನೂ ಸೂಕ್ಷ್ಮವಾದ ತೊಡಕು, ಪ್ರತಿ ಅಕ್ಷರ ಮತ್ತು ಚಿಹ್ನೆಗೆ ಕಂಪ್ಯೂಟರಿನಲ್ಲಿ ಒಂದು ಸಂಕೇತ ಕೊಡುವ ಯುನಿಕೋಡಿನಲ್ಲಿದೆ. ‘ಗೋಕರ್ಣ’ ಎಂಬ ಹೆಸರಿನ ಗೋ ಅಕ್ಷರದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಮೊದಲ ಕ್ರಮದಲ್ಲಿ ಇಡೀ ಪದಕ್ಕೆ 6 ಸಂಕೇತ, ಎರಡನೆಯದರಲ್ಲಿ 8. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. 2017ರಲ್ಲಿ ಹೊಸ ಫೈಲ್ ವ್ಯವಸ್ಥೆ ಬರುವವರೆಗೆ ಆಪಲ್‌ನ ಮ್ಯಾಕ್ ಕಂಪ್ಯೂಟರುಗಳು ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಉಳಿಸುತ್ತಿದ್ದವು. ವಿಂಡೋಸಿಗೆ ಈ ಎರಡು ರೂಪಗಳು ಎರಡು ಬೇರೆ ಹೆಸರುಗಳು. ಒಂದೇ ಹೆಸರಿನ ಎರಡು ಫೈಲುಗಳು ಪಕ್ಕಪಕ್ಕದಲ್ಲಿ ಕಂಡು, ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದರಲ್ಲಿ ಕಾಣದಿದ್ದರೆ ಇದನ್ನು ಶಂಕಿಸಿ.

ಹೆಸರಿನ ಉದ್ದಕ್ಕೂ ಮಿತಿ ಇದೆ. ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸಿನಲ್ಲಿ ಸಾಮಾನ್ಯವಾಗಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಅಲ್ಲಿ 3 ಬೈಟ್ ಬೇಕು. ‘ಕ್ಷೇತ್ರ’ ನಮಗೆ ಎರಡೇ ಅಕ್ಷರ, ಕಂಪ್ಯೂಟರಿಗೆ 7 ಸಂಕೇತ, 21 ಬೈಟ್. ವಿಂಡೋಸಿನ ಹಳೆಯ ಮಿತಿಯಂತೂ ಡ್ರೈವಿನಿಂದ ಫೈಲಿನವರೆಗಿನ ಇಡೀ ದಾರಿಗೆ 260 ಸಂಕೇತ. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಪ್ರತಿಯೊಂದಕ್ಕೂ ವಾಕ್ಯದಷ್ಟು ಉದ್ದದ ಹೆಸರಿಟ್ಟರೆ ಆ ಮಿತಿ ಬೇಗ ಮುಗಿಯುತ್ತದೆ. ಹಾಗೆಂದು ಕನ್ನಡದಲ್ಲಿ ಹೆಸರಿಡುವುದನ್ನು ಬಿಡಬೇಕಾಗಿಲ್ಲ. ಚಿಕ್ಕದಾಗಿ, ಚಿಹ್ನೆಗಳಿಲ್ಲದೆ ಇಟ್ಟರೆ ಸಾಕು.

ದೊಡ್ಡ ಫೈಲುಗಳ ಮಾತು ಬೇರೆ. ಅವು ನಿಂತಿರುವುದಿಲ್ಲ, ನಿಧಾನವಾಗಿರುತ್ತವೆ. 300 ಎಂಬಿಯ ವಿಡಿಯೊ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಮೇಲಕ್ಕೆ ಹೋಗಲು 40 ನಿಮಿಷ ಬೇಕು. ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ದಿನವಿಡೀ ತೆರೆದಿಟ್ಟುಕೊಳ್ಳುವ ದತ್ತಾಂಶದ ಫೈಲನ್ನು ಸಿಂಕ್ ಫೋಲ್ಡರಿನಲ್ಲಿ ಇಡಲೇಬೇಡಿ. ಒಂದು ಕಡೆ ಬರೆಯುತ್ತಿರುವಾಗಲೇ ಇನ್ನೊಂದು ಕಡೆ ನಕಲು ಮಾಡಿದರೆ ಅರ್ಧಂಬರ್ಧ ಪ್ರತಿ ಹೋಗಬಹುದು. ದಿನದ ಕೊನೆಗೆ ಸಾಫ್ಟ್‌ವೇರ್ ಮುಚ್ಚಿ ಅದರ ಬ್ಯಾಕಪ್ ಪ್ರತಿಯನ್ನು ಅಲ್ಲಿ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಸರಿಯಾಗದಿದ್ದರೆ ಖಾತೆಯನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಮತ್ತೆ ಜೋಡಿಸುವ ದಾರಿ ಇದೆ. ಅದಕ್ಕೆ ಮೊದಲು ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ, ಮತ್ತು ಆ ನಕಲಿನ ಕೆಲವು ಫೈಲುಗಳನ್ನು ಇಂಟರ್ನೆಟ್ ತೆಗೆದು ತೆರೆದು ನೋಡಿ. ಏಕೆಂದರೆ ಮೋಡದ ಚಿಹ್ನೆಯಿರುವ ಫೈಲುಗಳು ಕಂಪ್ಯೂಟರಿನಲ್ಲಿ ಬರೀ ಹೆಸರಾಗಿ ಮಾತ್ರ ಇರುತ್ತವೆ, ಒಳಗಿನದೆಲ್ಲ ಕ್ಲೌಡಿನಲ್ಲಿರುತ್ತದೆ. ಮರುಜೋಡಿಸಿದಾಗ ಆ ಮೂರನೆಯ ದಾಖಲೆ ಹೊಸದಾಗಿ ಹುಟ್ಟುತ್ತದೆ. ಹಳೆಯದು ನೆನಪಿಲ್ಲದ ಕಾರಣ ನೀವು ಹಿಂದೆ ಅಳಿಸಿದ್ದ ಕೆಲವು ಫೈಲುಗಳು ಮರಳಿ ಬರಬಹುದು, ಕೆಲವಕ್ಕೆ ಜೋಡಿ ಪ್ರತಿಗಳಾಗಬಹುದು. ಅವನ್ನು ಒಂದೊಂದಾಗಿ ತೆರೆದು ನೋಡಿಯೇ ತೆಗೆಯಿರಿ.

ಯಾರದೋ ಮಾತು ಕೇಳಿ ಫೋಲ್ಡರನ್ನು ಈಗಾಗಲೇ ಅಳಿಸಿದ್ದೀರಾದರೆ, ಇಂದೇ ಬ್ರೌಸರಿನಲ್ಲಿ ಖಾತೆ ತೆರೆದು ಕಸದ ಬುಟ್ಟಿಯನ್ನು ನೋಡಿ. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವಿನ ವೈಯಕ್ತಿಕ ಖಾತೆಗಳಲ್ಲಿ ಅಳಿಸಿದ ಫೈಲುಗಳು 30 ದಿನ ಅಲ್ಲಿರುತ್ತವೆ.