ತಪಾಸಣೆ ಬೇರೆ, ಚಿಕಿತ್ಸೆ ಬೇರೆ: ಇಂಗ್ಲೆಂಡಿನ ಸೆಕೆಂಡರಿ ಶಾಲೆಗಳಿಗೆ ವೈದ್ಯರು ಬಂದ ಕಥೆ (1907–1944)

ಶಾಲಾ ಆರೋಗ್ಯ ಸೇವೆಯ ಇತಿಹಾಸ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಇಂಗ್ಲೆಂಡ್ ಮತ್ತು ವೇಲ್ಸ್ ಮಾತ್ರ ತೆಗೆದುಕೊಂಡಿದ್ದೇನೆ. ಸ್ಕಾಟ್ಲೆಂಡಿನ ಕಾನೂನು ಬೇರೆ, ಇಲ್ಲಿ ಬೆರೆಸಬೇಡಿ.

ಹಿನ್ನೆಲೆ ಬೇಗ ಮುಗಿಸೋಣ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟನ್ ನಡೆಸಿದ ಬೋಯರ್ ಯುದ್ಧದ (1899–1902) ಸಮಯದಲ್ಲಿ ಸೈನ್ಯ ಸೇರಲು ಬಂದ ಎಷ್ಟೋ ಯುವಕರು ದೇಹದಾರ್ಢ್ಯ ಸಾಲದೆ ವಾಪಸಾದರು. ಇದನ್ನು ಪರಿಶೀಲಿಸಿದ 1904ರ ಸರ್ಕಾರಿ ಸಮಿತಿ ಶಾಲಾ ಮಕ್ಕಳಿಗೆ ವೈದ್ಯಕೀಯ ತಪಾಸಣೆ ಬೇಕು ಎಂದಿತು. 1907ರಲ್ಲಿ ಕಾನೂನಾಯಿತು, 1908ರ ಜನವರಿ 1ರಿಂದ ಜಾರಿಗೆ ಬಂತು. ಇದರ ಉಸ್ತುವಾರಿ ಶಿಕ್ಷಣ ಮಂಡಳಿಯ ಮುಖ್ಯ ವೈದ್ಯಾಧಿಕಾರಿ ಜಾರ್ಜ್ ನ್ಯೂಮನ್ ಅವರದು. ನಮ್ಮ ಸಮುದಾಯ ಆರೋಗ್ಯದ ಪಾಠದಲ್ಲಿ ಬರುವ ಬರೋಡಾದ ಶಾಲಾ ಮಕ್ಕಳ ತಪಾಸಣೆ 1909ರದ್ದು. ಎರಡೂ ಇಸವಿ ಒಟ್ಟಿಗೆ ನೆನಪಿಟ್ಟುಕೊಳ್ಳಿ.

ತಲೆ ಕೆಡಿಸುವ ಜಾಗ

1907ರ ಕಾನೂನು ಎಲಿಮೆಂಟರಿ ಶಾಲೆಗಳಿಗೆ, ಅಂದರೆ ಸಾಮಾನ್ಯ ಮಕ್ಕಳ ಮೂಲ ಶಿಕ್ಷಣದ ಶಾಲೆಗಳಿಗೆ, ಮಾತ್ರ. ಅದರಲ್ಲೂ ಎರಡು ಭಾಗ. ಮಕ್ಕಳನ್ನು ತಪಾಸಣೆ ಮಾಡುವುದು ಸ್ಥಳೀಯ ಶಿಕ್ಷಣ ಪ್ರಾಧಿಕಾರದ (ಆ ಊರಿನ ಶಿಕ್ಷಣ ನೋಡಿಕೊಳ್ಳುವ ಕೌನ್ಸಿಲ್) ಕರ್ತವ್ಯ, ತಪ್ಪಿಸಿಕೊಳ್ಳುವ ಹಾಗಿಲ್ಲ. ಚಿಕಿತ್ಸೆ ಕೊಡುವುದು ಅಧಿಕಾರ ಅಷ್ಟೇ. ಅಂದರೆ ಮನಸ್ಸಿದ್ದರೆ ಕೊಡಬಹುದು, ಇಲ್ಲದಿದ್ದರೆ ಸುಮ್ನೆ ಇರಬಹುದು.

ಮುಂದೆ 1918ರ ಶಿಕ್ಷಣ ಕಾನೂನು. ‘ಇದು ಸೇವೆಯನ್ನು ಸೆಕೆಂಡರಿ ಶಾಲೆಗಳಿಗೂ ವಿಸ್ತರಿಸಿತು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಆ ಕಾನೂನಿನ ಎರಡು ಬೇರೆ ಬೇರೆ ಸೆಕ್ಷನ್‌ಗಳು ಎರಡು ಬೇರೆ ಕೆಲಸ ಮಾಡುತ್ತವೆ. 2ನೇ ಸೆಕ್ಷನ್ ಎಲಿಮೆಂಟರಿ ಮಕ್ಕಳ ಚಿಕಿತ್ಸೆಯನ್ನೂ ಕರ್ತವ್ಯವಾಗಿಸಿತು. 18ನೇ ಸೆಕ್ಷನ್ ಸೆಕೆಂಡರಿ ಶಾಲೆಗಳನ್ನು ಒಳಗೆ ತಂದಿತು, ಆದರೆ 1907ರ ಹಳೆಯ ಅಳತೆಯಲ್ಲೇ: ತಪಾಸಣೆ ಕರ್ತವ್ಯ, ಚಿಕಿತ್ಸೆ ಅಧಿಕಾರ. ಎಲಿಮೆಂಟರಿ ಒಂದು ಮೆಟ್ಟಿಲು ಮೇಲೆ ಹೋದಾಗ, ಅದು ಬಿಟ್ಟ ಮೆಟ್ಟಿಲಿಗೆ ಸೆಕೆಂಡರಿ ಬಂದು ನಿಂತಿತು. 1921ರ ಶಿಕ್ಷಣ ಕಾನೂನು ಈ ವ್ಯತ್ಯಾಸವನ್ನು ಹಾಗೇ ಉಳಿಸಿಕೊಂಡಿತು.

ಒಂದು ಮಗುವನ್ನು ಊಹಿಸಿಕೊಂಡರೆ ಸ್ಪಷ್ಟವಾಗುತ್ತದೆ. 1907ರಲ್ಲೇ ಇನ್ನೊಂದು ನಿಯಮ ಬಂದಿತ್ತು. ಸರ್ಕಾರಿ ಅನುದಾನ ಪಡೆಯುವ ಸೆಕೆಂಡರಿ ಶಾಲೆಗಳು ಸಾಮಾನ್ಯವಾಗಿ 25% ಸೀಟುಗಳನ್ನು ಎಲಿಮೆಂಟರಿ ಶಾಲೆಯಿಂದ ಬಂದವರಿಗೆ ಫೀಸಿಲ್ಲದೆ ಕೊಡಬೇಕು. 1925ರಲ್ಲಿ ಬಡವರ ಮನೆಯ ಒಬ್ಬ ಹುಡುಗಿ ಹಾಗೆ ಸೀಟು ಗಿಟ್ಟಿಸಿದಳು ಅನ್ನಿ. ಕಣ್ಣು ಮಂಜು, ಹಲ್ಲು ಹುಳುಕು. ಹಳೆಯ ಶಾಲೆಯಲ್ಲೇ ಇದ್ದಿದ್ದರೆ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದು ಪ್ರಾಧಿಕಾರದ ಹೊಣೆ. ಹೊಸ ಶಾಲೆಯಲ್ಲಿ ವೈದ್ಯರು ಬಂದು ದೋಷ ಬರೆದುಕೊಳ್ಳುವುದು ಖಚಿತ, ಕನ್ನಡಕ ಸಿಗುವುದು ಖಚಿತವಲ್ಲ. ಓದಿನಲ್ಲಿ ಗೆದ್ದ ಮಗುವಿಗೆ ಆರೋಗ್ಯದಲ್ಲಿ ಖಾತ್ರಿ ಕಡಿಮೆಯಾಯಿತು. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಇನ್ನೊಂದು ಗಂಟು: ಯಾವ ಪ್ರಾಧಿಕಾರ? 1902ರ ಶಿಕ್ಷಣ ಕಾನೂನಿನ ಪ್ರಕಾರ 10,000ಕ್ಕಿಂತ ಜಾಸ್ತಿ ಜನಸಂಖ್ಯೆಯ ಬರೋಗಳು (ಸ್ವಂತ ಕೌನ್ಸಿಲ್ ಇರುವ ಪಟ್ಟಣಗಳು; ದೊಡ್ಡ ಕೌಂಟಿ ಬರೋಗಳ ಮಾತು ಬೇರೆ), 20,000 ಮೀರಿದ ನಗರ ಜಿಲ್ಲೆಗಳು ಎಲಿಮೆಂಟರಿ ಶಿಕ್ಷಣವನ್ನು ತಾವೇ ನೋಡಿಕೊಳ್ಳುತ್ತಿದ್ದವು. ಅಂಥ ಊರಲ್ಲೂ ಸೆಕೆಂಡರಿ ಶಿಕ್ಷಣ ಕೌಂಟಿ ಕೌನ್ಸಿಲಿನ ಕೈಯಲ್ಲಿ. ಹಾಗಾಗಿ ಮಗು ಪಕ್ಕದ ಬೀದಿಯ ಶಾಲೆಗೆ ಸೇರಿದರೂ ಅದರ ಆರೋಗ್ಯದ ಹೊಣೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಪರೀಕ್ಷೆಯಲ್ಲಿ ‘18ನೇ ಸೆಕ್ಷನ್ ಏಕೆ ಬೇಕಾಯಿತು’ ಅಂತ ಕೇಳಿದರೆ ಇದನ್ನೂ ಬರೆಯಿರಿ. ಹಳೆಯ ದತ್ತಿ ಗ್ರಾಮರ್ ಶಾಲೆಗಳಂಥ, ಪ್ರಾಧಿಕಾರ ನಡೆಸದ ಶಾಲೆಗಳಿಗೆ ಆಡಳಿತ ಮಂಡಳಿ ಕೇಳಿಕೊಂಡರೆ ಮಾತ್ರ ಈ ಸೇವೆ ಕೊಡಬಹುದಿತ್ತು.

ವೈದ್ಯರು ಏನು ನೋಡುತ್ತಿದ್ದರು

ಪ್ರತಿ ಮಗುವಿಗೂ ಒಂದು ಕಾರ್ಡು. ದಡಾರ, ನಾಯಿಕೆಮ್ಮು, ಗಂಟಲಮಾರಿ ಬಂದಿತ್ತೇ? ಎತ್ತರ, ತೂಕ, ಪೋಷಣೆ, ಹಲ್ಲು, ಟಾನ್ಸಿಲ್, ಕಿವಿ, ಹೃದಯ, ಶ್ವಾಸಕೋಶ. ಕಣ್ಣಿಗೆ ಸ್ನೆಲೆನ್ ಅಕ್ಷರಗಳ ಚಾರ್ಟು. ಎಲಿಮೆಂಟರಿಯಲ್ಲಿ ತಲೆಹೇನು, ಹುಳುಕಡ್ಡಿಯ ಕಾಟ ಜಾಸ್ತಿ. ಸೆಕೆಂಡರಿಯಲ್ಲಿ ಬೆಳೆಯುವ ವಯಸ್ಸಲ್ವಾ, ಬೆನ್ನುಮೂಳೆ ವಾಲಿದೆಯೇ, ಪಾದ ಚಪ್ಪಟೆಯೇ ಎಂಬುದಕ್ಕೂ ಗಮನ ಹೋಗುತ್ತಿತ್ತು.

1944

1944ರ ಶಿಕ್ಷಣ ಕಾನೂನಿನ 48ನೇ ಸೆಕ್ಷನ್ ಒಂದೇ ಏಟಿಗೆ ಎಲ್ಲ ಸರಿ ಮಾಡಿತು. ಪ್ರಾಧಿಕಾರದ ಆಶ್ರಯದ ಪ್ರೈಮರಿ, ಸೆಕೆಂಡರಿ ಎರಡಕ್ಕೂ ತಪಾಸಣೆ ಕರ್ತವ್ಯ, ಉಚಿತ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದೂ ಕರ್ತವ್ಯ. ಮೇಲೆ ಹೇಳಿದ ಬರೋಗಳ ಪ್ರತ್ಯೇಕ ಪ್ರಾಧಿಕಾರಗಳೂ ಅದೇ ಕಾನೂನಿನಿಂದ ರದ್ದಾದವು.

ತಪಾಸಣೆ-ಚಿಕಿತ್ಸೆಯ ಭೇದ ಮಾತ್ರ ಪೋಷಕರ ಕಡೆಯಿಂದ ಉಳಿಯಿತು. ಸರಿಯಾದ ಕಾರಣವಿಲ್ಲದೆ ಮಗುವನ್ನು ತಪಾಸಣೆಗೆ ಕಳಿಸದಿದ್ದರೆ 5 ಪೌಂಡ್‌ವರೆಗೆ ದಂಡ. ಚಿಕಿತ್ಸೆ ಬೇಡ ಎಂದು ತಿಳಿಸುವ ಹಕ್ಕು ಮಾತ್ರ ಅವರಿಗಿತ್ತು.