ಹಳೆ ಟ್ರಕ್ಕಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಕಂಟ್ರೋಲರ್ ಕೊಳ್ಳುವ ಮೊದಲು ಇಂಜಿನ್ನನ್ನು ಕೇಳಿ

ಪುಣೆಯ ಭೋಸರಿಯಲ್ಲಿರುವ ನಮ್ಮ ಗ್ಯಾರೇಜಿಗೆ ಹಳೆ ಷೆವ್ರೊಲೆ, ಡಾಡ್ಜ್, ಫಾರ್ಗೊ ಗಾಡಿ ತರುವವರಲ್ಲಿ ಬೆಳಗಾವಿ, ಸೊಲ್ಲಾಪುರ, ವಿಜಯಪುರ ಕಡೆಯವರು ಜಾಸ್ತಿ. ಗಾಡಿಯನ್ನು ಟ್ರೇಲರ್‌ನಿಂದ ಕೆಳಗಿಳಿಸುವ ಮೊದಲೇ ಪ್ರಶ್ನೆ ಬರುತ್ತದೆ: "ಯಾವ ಕಂಪನಿ ಕಂಟ್ರೋಲರ್ ಚಲೋ ರೀ?" ಕಂಟ್ರೋಲರ್ ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಯಾವಾಗ ಗೇರ್ ಬದಲಿಸಬೇಕು ಅಂತ ಹೇಳುವ ಚಿಕ್ಕ ಕಂಪ್ಯೂಟರ್. ಕಂಪನಿಯ ಮಾತು ಕೊನೆಗೆ ಬರಲಿ ಅಂತ ನಾನು ಹೇಳುತ್ತೇನೆ. ನಿಮ್ಮ ಇಂಜಿನ್ ಮೇಲೆ ಎಷ್ಟು ಲೋಡ್ ಇದೆ, ಅಂದರೆ ಅದು ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವ ಸುದ್ದಿಯನ್ನು ಕಂಟ್ರೋಲರ್‌ಗೆ ಮುಟ್ಟಿಸುವವರು ಯಾರು? ಅದು ಮೊದಲು ಗೊತ್ತಾಗಬೇಕು.

ಈ ಗಾಡಿಗಳು ನಮ್ಮ ಕಡೆ ಇಷ್ಟೊಂದು ಉಳಿದಿರುವುದಕ್ಕೆ ಕಾರಣವಿದೆ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಗಾಡಿ ಜೋಡಿಸಲು ಶುರು ಮಾಡಿತ್ತು, 1954ರಲ್ಲಿ ನಿಲ್ಲಿಸಿತು. ಡಾಡ್ಜ್, ಫಾರ್ಗೊ ಟ್ರಕ್ಕುಗಳು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದವು. ಗಟ್ಟಿ ಗಾಡಿಗಳು. ಆದರೆ ಅವುಗಳ ಆಕ್ಸಲ್ ಹಳೆ ಕಾಲದ ವೇಗಕ್ಕೆ ಮಾಡಿದ್ದು. ಆಕ್ಸಲ್ ರೇಶಿಯೊ 4.11 (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 4.11 ಸುತ್ತು), ಟೈರಿನ ಸುತ್ತಳತೆ 2.2 ಮೀಟರ್ ಅಂತ ಇಟ್ಟುಕೊಳ್ಳಿ. ಇಂಜಿನ್, ಶಾಫ್ಟ್ ಒಂದೇ ವೇಗದಲ್ಲಿ ತಿರುಗುವ ನೇರ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ಓಡಿದರೆ ಇಂಜಿನ್ ಸುಮಾರು 2,490 ಆರ್‌ಪಿಎಂ ತಿರುಗುತ್ತದೆ. 0.70ರ ಓವರ್‌ಡ್ರೈವ್ (ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ 0.70 ಸುತ್ತು ಮಾತ್ರ ತಿರುಗುವ ಗೇರ್) ಸಿಕ್ಕರೆ ಅದೇ ವೇಗಕ್ಕೆ 1,745 ಸಾಕು. ಹಳೆ ಆರು ಸಿಲಿಂಡರ್ ಇಂಜಿನ್ನಿಗೆ ಇದು ದೊಡ್ಡ ನೆಮ್ಮದಿ. ಜನ ಜನರಲ್ ಮೋಟರ್ಸ್‌ನ 4ಎಲ್60ಇ ತರಹದ ನಾಲ್ಕು ಗೇರಿನ ಬಾಕ್ಸ್ ಹುಡುಕುವುದು ಇದಕ್ಕೇ.

ಇದರ ಅಣ್ಣ 700ಆರ್4, 1982ರಲ್ಲಿ ಬಂದದ್ದು. ಅದರಲ್ಲಿ ಕಂಪ್ಯೂಟರ್ ಗೇರ್ ಬದಲಿಸುವುದಿಲ್ಲ. ಕಾರ್ಬುರೇಟರ್‌ನಿಂದ ಬಾಕ್ಸಿಗೆ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಅನ್ನುವ ತಂತಿ ಆಯಿಲ್ ಪ್ರೆಶರ್ ಏರಿಸಿ ಇಳಿಸುತ್ತದೆ. 1993ರಿಂದ ಬಂದ 4ಎಲ್60ಇಯಲ್ಲಿ ಆ ತಂತಿ ಹೋಗಿ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್ ಬಂತು. ಗೇರ್ ಬದಲಿಸುವುದು ನಿಜವಾಗಿ ಸುಲಭದ ಕೆಲಸ. ಎರಡು ಸೊಲೆನಾಯ್ಡ್, ಆನ್ ಅಥವಾ ಆಫ್. ಎರಡೂ ಆನ್ ಆದರೆ ಒಂದನೇ ಗೇರ್, ಎರಡೂ ಆಫ್ ಆದರೆ ಮೂರನೇದು. ಇಷ್ಟನ್ನು ಎರಡು ಸ್ವಿಚ್ ಇಟ್ಟುಕೊಂಡು ಕೈಯಲ್ಲೂ ಮಾಡಬಹುದು.

ಕಷ್ಟ ಇರುವುದು ಪ್ರೆಶರ್‌ನಲ್ಲಿ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಆಯಿಲ್ ಪ್ರೆಶರ್. ಇಂಜಿನ್ ಜೋರಾಗಿ ಎಳೆಯುವಾಗ ಅದು ಜಾಸ್ತಿ ಬೇಕು, ಸುಮ್ನೆ ತೇಲಿ ಹೋಗುವಾಗ ಕಡಿಮೆ. ಕಂಟ್ರೋಲರ್ ಇದನ್ನು ಪ್ರೆಶರ್ ಸೊಲೆನಾಯ್ಡ್‌ಗೆ ಕೊಡುವ ಕರೆಂಟಿನಿಂದ ಆಡಿಸುತ್ತದೆ. ಕರೆಂಟ್ ಹೆಚ್ಚಾದಷ್ಟೂ ಪ್ರೆಶರ್ ಇಳಿಯುತ್ತದೆ. ಕರೆಂಟ್ ಪೂರ್ತಿ ಹೋದರೆ ಪ್ರೆಶರ್ ತುದಿಗೆ ಏರುತ್ತದೆ, ಬಾಕ್ಸ್ ಉಳಿಯಲಿ ಅಂತಲೇ ಹಾಗೆ ಮಾಡಿದ್ದಾರೆ. ಈಗ ನೋಡಿ, ಇಂಜಿನ್ ಪೂರ್ತಿ ಎಳೆಯುತ್ತಿದೆ, ಆದರೆ ಕಂಟ್ರೋಲರ್‌ಗೆ "ಅರ್ಧ ಲೋಡ್" ಅನ್ನುವ ಸುದ್ದಿ ಹೋಗಿದೆ. ಪ್ಲೇಟು ಜಾರುತ್ತದೆ, ಸುಡುತ್ತದೆ. ಈ ಬಾಕ್ಸಿನಲ್ಲಿ ಮೂರನೇ, ನಾಲ್ಕನೇ ಗೇರಿಗೆ ಬೇಕಾದ 3-4 ಕ್ಲಚ್ ಮೊದಲೇ ಸೂಕ್ಷ್ಮ. ಸುಟ್ಟ ಬಾಕ್ಸ್ ಬಿಚ್ಚಿ ಕೂತವರಿಗೆ ಗೊತ್ತು, ಎಷ್ಟೋ ಸಲ ಬಾಕ್ಸಿನದೂ ಕಂಟ್ರೋಲರ್‌ನದೂ ತಪ್ಪಿರುವುದಿಲ್ಲ. ಲೋಡಿನ ಸುದ್ದಿಯೇ ಸುಳ್ಳಾಗಿರುತ್ತದೆ.

ಪೆಟ್ರೋಲ್ ಕಾರ್ಬುರೇಟರ್ ಗಾಡಿಯಲ್ಲಿ ಈ ಸುದ್ದಿ ಟಿಪಿಎಸ್‌ನಿಂದ ಬರುತ್ತದೆ, ಅಂದರೆ ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್‌ನಿಂದ. ಹಳೆ ಕಾರ್ಬುರೇಟರ್‌ನಲ್ಲಿ ಇದು ಇರುವುದಿಲ್ಲ, ಬ್ರಾಕೆಟ್ ಮಾಡಿ ಕೂರಿಸಬೇಕು. ಬ್ರಾಕೆಟ್ ತೆಳು ತಗಡಿನದಾದರೆ ಇಂಜಿನ್ ನಡುಗಿದಾಗ ಅದೂ ನಡುಗುತ್ತದೆ, ಸಿಗ್ನಲ್ ಕುಣಿಯುತ್ತದೆ, ಗೇರ್ ಸುಮ್ಮಸುಮ್ಮನೆ ಮೇಲೆ ಕೆಳಗೆ ಆಗುತ್ತದೆ. ದಪ್ಪ ಪಟ್ಟಿಯಲ್ಲೇ ಮಾಡಿಸಿ. ಆಮೇಲೆ ಮಲ್ಟಿಮೀಟರ್ ಹಿಡಿದು ಪೆಡಲನ್ನು ನಿಧಾನ ಒತ್ತಿ ನೋಡಿ. ವೋಲ್ಟೇಜ್ ಅರ್ಧ ವೋಲ್ಟಿನ ಆಸುಪಾಸಿನಿಂದ ನಾಲ್ಕೂವರೆಯ ಹತ್ತಿರದವರೆಗೆ ಎಲ್ಲೂ ಜಿಗಿಯದೆ ಏರಬೇಕು. ಮ್ಯಾಪ್ ಸೆನ್ಸರನ್ನೂ (ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಕೊಳವೆಯ ಒತ್ತಡ ಅಳೆಯುವ ಸೆನ್ಸರ್) ಓದಬಲ್ಲ ಕಂಟ್ರೋಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಲೋಡಿನ ಬಗ್ಗೆ ಪೆಡಲ್‌ಗಿಂತ ಸರಿಯಾದ ಮಾತು ಹೇಳುತ್ತದೆ. ಇಂಜಿನ್ನಿಗೂ ಫ್ಯುಯೆಲ್ ಇಂಜೆಕ್ಷನ್ ಹಾಕಿಸುವ ಯೋಚನೆ ಇದ್ದರೆ ಬೇರೆ ಕಂಟ್ರೋಲರೇ ಬೇಡ. ಹಾಲಿ ಅನ್ನುವ ಕಂಪನಿಯ ಟರ್ಮಿನೇಟರ್ ಎಕ್ಸ್ ಮ್ಯಾಕ್ಸ್ ತರಹದ್ದು ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ನೋಡಿಕೊಳ್ಳುತ್ತದೆ, ಲೋಡಿನ ಲೆಕ್ಕ ಅದರ ಒಳಗೇ ಇರುತ್ತದೆ.

ಡೀಸೆಲ್ ಗಾಡಿಯ ಕಥೆ ಬೇರೆ. ನಮ್ಮಲ್ಲಿಗೆ ಬರುವ ಹಳೆ ಟ್ರಕ್ಕುಗಳಲ್ಲಿ ಎಷ್ಟೋ ಗಾಡಿಗಳಿಗೆ ಯಾವಾಗಲೋ ಡೀಸೆಲ್ ಇಂಜಿನ್ ಹಾಕಿರುತ್ತಾರೆ. ಟರ್ಬೊ ಇಲ್ಲದ ಡೀಸೆಲ್‌ನಲ್ಲಿ ಮ್ಯಾಪ್ ಸೆನ್ಸರ್ ಕೆಲಸಕ್ಕೆ ಬರುವುದಿಲ್ಲ. ಥ್ರಾಟಲ್ ಮುಚ್ಚಳ ಇಲ್ಲದ ಕಡೆ ಒತ್ತಡ ಬದಲಾಗುವುದೇ ಇಲ್ಲವಲ್ಲ. ಟಿಪಿಎಸ್ಸನ್ನು ಡೀಸೆಲ್ ಪಂಪಿನ ಲಿವರ್‌ಗೆ ಕೂರಿಸಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಪಂಪಿನ ಗವರ್ನರ್, ಅಂದರೆ ಇಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಭಾಗ, ಯಾವುದು ಅಂತ ಮೊದಲು ನೋಡಬೇಕು. ಐಡಲ್ ಮತ್ತು ಗರಿಷ್ಠ ವೇಗವನ್ನು ಮಾತ್ರ ಹಿಡಿಯುವ ಗವರ್ನರ್ ಇದ್ದರೆ ಲಿವರ್‌ನ ಜಾಗ ಹೆಚ್ಚುಕಮ್ಮಿ ಲೋಡನ್ನೇ ಹೇಳುತ್ತದೆ. ಎಲ್ಲ ವೇಗವನ್ನೂ ಹಿಡಿಯುವ ಗವರ್ನರ್ ಆದರೆ ಲಿವರ್ ಹೇಳುವುದು "ನನಗೆ ಇಷ್ಟು ಆರ್‌ಪಿಎಂ ಬೇಕು" ಅಂತ ಅಷ್ಟೇ. ಲಿವರ್ ಅರ್ಧದಲ್ಲಿ ಇರುವಾಗಲೇ ಏರು ಬಂದರೆ ಪಂಪ್ ತಾನಾಗಿ ಪೂರ್ತಿ ಡೀಸೆಲ್ ಕೊಡುತ್ತದೆ. ಕಂಟ್ರೋಲರ್ ಮಾತ್ರ ಅರ್ಧ ಲೋಡ್ ಅಂತಲೇ ನಂಬಿರುತ್ತದೆ. ಇಂಥ ಗಾಡಿಗೆ ಪ್ರೆಶರ್ ಟೇಬಲನ್ನು (ಎಷ್ಟು ಲೋಡಿಗೆ ಎಷ್ಟು ಪ್ರೆಶರ್ ಅನ್ನುವ ಪಟ್ಟಿ) ಕೈಯಾರೆ ಬರೆಯಲು ಬಿಡುವ ಕಂಟ್ರೋಲರೇ ಬೇಕು. ಲಿವರ್ ಕಾಲು ಭಾಗ ದಾಟಿದ ಮೇಲೆ ಪ್ರೆಶರನ್ನು ಧಾರಾಳವಾಗಿಯೇ ಇಡುತ್ತೇನೆ. ಶಿಫ್ಟ್ ಸ್ವಲ್ಪ ಗಡಸಾಗುತ್ತದೆ, ಆಗಲಿ.

ಶಿಫ್ಟ್ ಪಾಯಿಂಟ್, ಅಂದರೆ ಗೇರ್ ಬದಲಾಗುವ ವೇಗ ಕೂಡ ಹಾಗೇ. ರೆಡಿಮೇಡ್ ಟ್ಯೂನ್‌ಗಳು (ಕಂಟ್ರೋಲರ್ ಸೆಟ್ಟಿಂಗ್‌ಗಳು) ಹೆಚ್ಚಾಗಿ ಪೆಟ್ರೋಲ್ ವಿ8ಗೆ ಮಾಡಿದವು. ಪೂರ್ತಿ ಪೆಡಲ್ ಒತ್ತಿದರೆ 5,000 ಆರ್‌ಪಿಎಂವರೆಗೂ ಗೇರ್ ಹಿಡಿದಿಡುತ್ತವೆ. ನಿಮ್ಮ ಡೀಸೆಲ್ 2,800ರಲ್ಲೇ ಗವರ್ನರ್‌ಗೆ ತಾಗಿ ನಿಲ್ಲುತ್ತದೆ ಅಂದರೆ ಗಾಡಿ ಒಂದನೇ ಗೇರಿನಲ್ಲೇ ಕೂಗುತ್ತಾ ನಿಲ್ಲಬೇಕಾಗುತ್ತದೆ, ಅಲ್ವಾ? ಆರ್‌ಪಿಎಂ ಸಿಗ್ನಲನ್ನು ಆಲ್ಟರ್ನೇಟರ್‌ನ ಡಬ್ಲ್ಯು ಟರ್ಮಿನಲ್‌ನಿಂದ ತೆಗೆಯಬಹುದು. ಆದರೆ ಮಳೆಯಲ್ಲಿ ಬೆಲ್ಟ್ ಜಾರಿದರೆ ಆ ಲೆಕ್ಕವೂ ಜಾರುತ್ತದೆ. ಫ್ಲೈವೀಲ್ ಹಲ್ಲು ಎಣಿಸುವ ಮ್ಯಾಗ್ನೆಟಿಕ್ ಪಿಕಪ್ ಹಾಕಿಸುವುದೇ ನನಗೆ ಇಷ್ಟ.

ಇನ್ನು ಕರೆಂಟಿನ ವಿಚಾರ. ಷೆವ್ರೊಲೆ ಟ್ರಕ್ಕುಗಳು 12 ವೋಲ್ಟಿಗೆ ಬಂದದ್ದು 1955ರಲ್ಲಿ, ಅದಕ್ಕಿಂತ ಹಿಂದಿನವು 6 ವೋಲ್ಟ್. ಆ ಕಾಲದ ಕೆಲವು ಡಾಡ್ಜ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ಥ್ ಆಗಿರುತ್ತದೆ. ಕಂಟ್ರೋಲರ್‌ಗೆ 12 ವೋಲ್ಟ್ ಬೇಕು, ನೆಗೆಟಿವ್ ಅರ್ಥ್ ಬೇಕು. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿ, ಇಂಜಿನ್ನಿಂದ ಚಾಸಿಗೆ, ಚಾಸಿಯಿಂದ ಕ್ಯಾಬಿನ್ನಿಗೆ ದಪ್ಪ ಅರ್ಥ್ ಪಟ್ಟಿ ಹಾಕಿಸಿ. ಕಂಟ್ರೋಲರನ್ನು ಬಾನೆಟ್ ಕೆಳಗೆ ಇಡಲೇಬೇಡಿ. ಜುಲೈ ತಿಂಗಳ ಮುಂಬಯಿ ರಸ್ತೆಯ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ನಮಗೆಲ್ಲ ಗೊತ್ತು. ಕ್ಯಾಬಿನ್ ಒಳಗೆ, ಡ್ಯಾಶ್ ಹಿಂದೆ, ಎತ್ತರದಲ್ಲಿ, ಕನೆಕ್ಟರ್ ಕೆಳಮುಖವಾಗಿ ಇರಲಿ.

ಕಂಪುಶಿಫ್ಟ್, ಕ್ವಿಕ್ 4, ಟಿಸಿಐನ ಇಝಡ್-ಟಿಸಿಯು, ಪಿಸಿಎಸ್ ಅಂತ ಕಂಟ್ರೋಲರ್‌ಗಳ ಹೆಸರುಗಳು ನಿಮ್ಮ ಕಿವಿಗೆ ಬೀಳುತ್ತವೆ. ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ತಾನೇ ಟ್ಯೂನ್ ಮಾಡಿಕೊಳ್ಳುವ ಥರದ್ದು ಪೆಟ್ರೋಲ್ ವಿ8 ಇದ್ದವರಿಗೆ ಸಾಕು. ಉಳಿದವರು ಟೇಬಲ್ ಕಾಣಿಸುವ, ಅದನ್ನು ತಿದ್ದಲು ಬಿಡುವ ಕಂಟ್ರೋಲರ್ ಕೇಳಿ. ಮೈಕ್ರೊಸ್ಕ್ವರ್ಟ್ ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಓದಿ, ತಿಳಿದು, ಕೂತು ಹೊಂದಿಸುವವರು ಜೊತೆಗೆ ಇರಬೇಕು. ಗಾಡಿ ಬೆಳಗಾವಿಯಲ್ಲಿ ಓಡುವುದಾದರೆ ಅಲ್ಲಿಯ ಮೆಕ್ಯಾನಿಕ್ ಸ್ಕ್ರೀನ್ ನೋಡಿ ತಪ್ಪು ಹಿಡಿಯುವಂತಿರಲಿ. ಪ್ರತಿ ಸಲ ಪುಣೆಗೆ ಬರಬೇಕಾದ ಗಾಡಿ ಕೊನೆಗೆ ಶೆಡ್ಡಿನಲ್ಲೇ ಉಳಿಯುತ್ತದೆ.

ಆರ್ಡರ್ ಮಾಡುವಾಗ ಬಾಕ್ಸಿನ ಇಸವಿ ಹೇಳಲು ಮರೆಯಬೇಡಿ. 4ಎಲ್60ಇ ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಬದಲಾವಣೆ ಆಗಿದೆ. ಲಾಕಪ್‌ಗೆ (ಇಂಜಿನ್, ಬಾಕ್ಸ್ ಎರಡನ್ನೂ ಜಾರದಂತೆ ನೇರ ಜೋಡಿಸುವ ಕ್ಲಚ್ಚಿಗೆ) ಪಿಡಬ್ಲ್ಯುಎಂ ಸೊಲೆನಾಯ್ಡ್, ಅಂದರೆ ಬೇಗ ಬೇಗ ಆನ್-ಆಫ್ ಆಗಿ ಹದವಾಗಿ ಹಿಡಿಸುವಂಥದ್ದು ಬಂದದ್ದು 1995ರಲ್ಲಿ, ಮೂರರಿಂದ ಎರಡನೇ ಗೇರಿಗೆ ಇಳಿಯುವಾಗಿನ 3-2 ಸೊಲೆನಾಯ್ಡ್ ಬದಲಾದದ್ದು 1996ರಲ್ಲಿ. ಆರು ಗೇರಿನ 6ಎಲ್80 ಆಸೆ ಇದ್ದವರಿಗೆ ಒಂದು ಮಾತು: ಅದರ ಕಂಟ್ರೋಲರ್ ಬಾಕ್ಸಿನ ಒಳಗೆ ಆಯಿಲಿನಲ್ಲೇ ಕೂತಿರುತ್ತದೆ. ಅದರ ಜೊತೆ ಮಾತಾಡಲು ಕ್ಯಾನ್ ವೈರಿಂಗ್ (ಗಾಡಿಯ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲಿ ಸುದ್ದಿ ಕಳಿಸುವ ತಂತಿ) ಬೇಕು. ಹಳೆ ಕಾರ್ಬುರೇಟರ್ ಗಾಡಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಸ್ಪೀಡ್ ಸೆನ್ಸರ್ ಲೆಕ್ಕ ಸುಲಭ. ಔಟ್‌ಪುಟ್ ಶಾಫ್ಟ್ ಒಂದು ಸುತ್ತು ತಿರುಗಿದರೆ 4ಎಲ್60ಇ 40 ಪಲ್ಸ್ ಕೊಡುತ್ತದೆ. ಮೇಲೆ ಹೇಳಿದ ಟೈರು, ಆಕ್ಸಲ್‌ಗೆ ಒಂದು ಕಿಲೋಮೀಟರಿಗೆ ಸುಮಾರು 74,700 ಪಲ್ಸ್. ಹಳೆ ಸ್ಪೀಡೊಮೀಟರ್ ಕೇಬಲ್‌ನಿಂದ ಓಡುವಂಥದ್ದಾದರೆ, ಸ್ಪೀಡೊ ಔಟ್‌ಪುಟ್ ಇರುವ ಕಂಟ್ರೋಲರ್ ತಗೊಂಡು ಕೇಬಲ್ ತಿರುಗಿಸುವ ಚಿಕ್ಕ ಮೋಟರ್ ಹಾಕಿಸಿ. ಮೀಟರ್ ಹಳೆಯದೇ ಉಳಿಯುತ್ತದೆ.

ಕಂಟ್ರೋಲರ್ ದಾರಿಯಲ್ಲಿ ಸತ್ತರೆ ಏನಾಗುತ್ತದೆ ಅನ್ನುವುದನ್ನೂ ಕೊಳ್ಳುವ ಮೊದಲೇ ಯೋಚಿಸಿ. 4ಎಲ್60ಇಗೆ ಗೇರ್ ಲಿವರ್ ಡಿಯಲ್ಲಿದ್ದರೆ ಮೂರನೇ ಗೇರ್ ಮತ್ತು ರಿವರ್ಸ್ ಉಳಿಯುತ್ತದೆ. ಚಪ್ಪಟೆ ರಸ್ತೆಯಲ್ಲಿ ಮನೆ ಸೇರಬಹುದು. ಖಂಬಾಟಕಿ ಘಾಟಿಯಲ್ಲಿ ಲೋಡ್ ಹೊತ್ತು ಮೂರನೇ ಗೇರಿನಲ್ಲಿ ಹೊರಟರೆ ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಬಾಕ್ಸಿಗೆ ಮುಟ್ಟಿಸುವ ಕನ್ವರ್ಟರ್ ಕಾದು ಆಯಿಲ್ ಹಾಳಾಗುತ್ತದೆ. ಚೆರೋಕಿ ಜೀಪಿನ ಎಡಬ್ಲ್ಯು4 ಗೇರ್‌ಬಾಕ್ಸ್ ಈ ವಿಷಯದಲ್ಲಿ ಉತ್ತಮ. ಕರೆಂಟ್ ಹೋದರೂ ಗೇರ್ ಲಿವರ್‌ನಿಂದಲೇ ಒಂದು, ಮೂರು, ನಾಲ್ಕನೇ ಗೇರ್ ಸಿಗುತ್ತವೆ. ಅದರ ಪ್ರೆಶರ್ ಇನ್ನೂ ಟಿವಿ ಕೇಬಲ್‌ನಿಂದಲೇ ನಡೆಯುವುದರಿಂದ ಕಂಟ್ರೋಲರ್ ಕೆಲಸವೂ ಹಗುರ. ಸಣ್ಣ ಇಂಜಿನ್ನಿನ ಗಾಡಿ ಆದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಆರ್‌ಟಿಒ ವಿಚಾರ ಮೊದಲೇ ಕೇಳಿಕೊಳ್ಳಿ. ಮೋಟರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಮಿತಿ ಹಾಕುತ್ತದೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಾದರೆ ಗಾಡಿ ಮೂಲ ರೂಪದಲ್ಲಿರಬೇಕು. ಆ ನಂಬರ್ ಪ್ಲೇಟಿನ ಆಸೆ ಇದ್ದರೆ ಚಾಸಿ ಕತ್ತರಿಸುವ ಮಾತೇ ಬೇಡ.

ಟ್ಯೂನಿಂಗ್‌ಗೆ ನಾವು ಕಾತ್ರಜ್ ಹಳೆ ಘಾಟಿಗೆ ಹೋಗುತ್ತೇವೆ. ಏರಿನಲ್ಲಿ ಮೂರು-ನಾಲ್ಕರ ನಡುವೆ ಗೇರ್ ಹೊಯ್ದಾಡಿದರೆ ನಾಲ್ಕಕ್ಕೆ ಏರುವ ವೇಗ ಹೆಚ್ಚಿಸುತ್ತೇವೆ, ಮೂರಕ್ಕೆ ಇಳಿಯುವ ವೇಗವನ್ನು ಅದರಿಂದ ದೂರ ಇಡುತ್ತೇವೆ. ಲಾಕಪ್ ಪದೇ ಪದೇ ಹಿಡಿದು ಬಿಟ್ಟರೂ ಅದೇ ಮದ್ದು. ಬ್ರೇಕ್ ಒತ್ತಿದ ಕೂಡಲೇ ಲಾಕಪ್ ಬಿಡಬೇಕು, ಬ್ರೇಕ್ ಸ್ವಿಚ್ ವೈರ್ ಮರೆಯಬಾರದು. ಮೇಲೆ ತಲುಪಿದಾಗ ಆಯಿಲ್ ಟೆಂಪರೇಚರ್ ನೋಡುತ್ತೇವೆ. 110 ಡಿಗ್ರಿ ದಾಟಿದ್ದರೆ ಗಾಡಿ ಕೊಡುವುದಿಲ್ಲ, ದೊಡ್ಡ ಕೂಲರ್ ಹಾಕುತ್ತೇವೆ. 500 ಕಿ.ಮೀ. ಆದ ಮೇಲೆ ಬಾಕ್ಸಿನ ತಳದ ಆಯಿಲ್ ಪ್ಯಾನ್ ಇಳಿಸಿ ನೋಡಿ. ಆಯಿಲ್ ಕೆಂಪಗಿದ್ದು ಸುಟ್ಟ ವಾಸನೆ ಇಲ್ಲದಿದ್ದರೆ ಪ್ರೆಶರ್ ಸರಿ ಇದೆ. ತಳದಲ್ಲಿ ಕಪ್ಪು ಪುಡಿ ಕೂತಿದ್ದರೆ ಕಂಟ್ರೋಲರ್ ಬದಲಿಸಲು ಹೋಗಬೇಡಿ, ಮೊದಲು ಟಿಪಿಎಸ್ ವೋಲ್ಟೇಜನ್ನು ಮತ್ತೆ ಅಳೆಯಿರಿ.